ಕೂಗಿಗೆ ತಿರುಗಿದ ಕಾಲು

ಪಂಚಮಿ ಹತ್ತಿರ ಬಂತೆಂದು ಸೊಸೆ ಅಟ್ಟ ಗುಡಿಸಲು ಹತ್ತಿದ್ದಳು. ಹೊರಗೆ ಜಿಟಿಜಿಟಿ ಮಳೆ. ದಾವಣಗೆರೆ ನಿಟ್ಟುವಳ್ಳಿಯ ನಮ್ಮ ಓಣಿಯಲ್ಲಿ ಆಟೋಗಳು ಕೆಸರು ಹಾರಿಸುತ್ತ ಓಡಾಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಅವಳು ತುಕ್ಕು ಹಿಡಿದ ಒಂದು ತಗಡಿನ ವಸ್ತುವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಇಳಿದು ಬಂದು, "ಮಾವಾರೆ, ಇದನ್ನ ಗುಜರಿಗೆ ಹಾಕ್ಲೇನ್ರಿ?" ಎಂದು ಕೇಳಿದಳು. ನೋಡಿದರೆ ನನ್ನ ಹಳೇ ಸೈಕಲ್ ದೀಪ. ಗಾಜು ಒಡೆದಿದೆ, ಬತ್ತಿ ಇರಬೇಕಾದ ಕಡೆ ಜೇಡ ಸಂಸಾರ ಹೂಡಿದೆ. ಕೈಗೆ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷದ ಮೇಲೆ ಸೀಮೆಎಣ್ಣೆಯ ವಾಸನೆ ಉಳಿದಿರುವುದು ಸಾಧ್ಯವಿಲ್ಲವೆಂದು ನನಗೂ ಗೊತ್ತು. ಆದರೆ ಬಂತು. ಅದರ ಬೆನ್ನಿಗೇ ಒದ್ದೆ ಕಂಬಳಿಯ ವಾಸನೆ, ಹರಿಹರದ ರಸ್ತೆಯ ಹುಣಸೆಮರಗಳ ವಾಸನೆ, ನಮ್ಮ ಭಾವನ ಬೆವರಿನ ವಾಸನೆ ಎಲ್ಲವೂ ಬಂದವು. "ಗುಜರಿಗೂ ಬ್ಯಾಡ, ಎಲ್ಲಿಗೂ ಬ್ಯಾಡ. ಅಲ್ಲೇ ಇಡವ್ವ" ಎಂದೆ. "ನಿಮ್ಮ ಸಾಮಾನು ಅಂದ್ರೆ ಹಂಗೇ" ಎಂದು ಸೊಸೆ ಅದನ್ನು ಒರೆಸಿ ಕಿಟಕಿಯಲ್ಲಿಟ್ಟಳು.

ಅದು ಯಾವ ಇಸವಿ ಎಂದು ಕೇಳಿದರೆ ತಡಬಡಾಯಿಸುತ್ತೇನೆ. ಕನ್ನಡದ ಸೀಮೆಗಳೆಲ್ಲ ಒಂದು ರಾಜ್ಯವಾಗಿ ಒಂದೆರಡು ಮಳೆಗಾಲ ಕಳೆದಿದ್ದವು. ನನಗೆ ಮೀಸೆ ಬಂದಿತ್ತು, ಮದುವೆ ಆಗಿರಲಿಲ್ಲ. ಕಡರನಾಯಕನಹಳ್ಳಿಯಲ್ಲಿ ಅವ್ವನನ್ನೂ ಎಮ್ಮೆಗಳನ್ನೂ ಬಿಟ್ಟು ದಾವಣಗೆರೆಗೆ ಬಂದು, ಖಾಸಿಂಸಾಬರ ಸೈಕಲ್ ಶಾಪಿನಲ್ಲಿ ಕೆಲಸಕ್ಕಿದ್ದೆ. ಪಂಕ್ಚರ್ ಹಾಕುವುದು, ಬಾಡಿಗೆ ಸೈಕಲ್ ಕೊಡುವುದು, ಒಯ್ದವರು ಚೈನು ತುಂಡು ಮಾಡಿ ತಂದರೆ ಜಗಳವಾಡುವುದು. ಜಗಳದಲ್ಲಿ ನಾನು ಗಟ್ಟಿಗನೆಂದು ಸಾಹೇಬರು ಗಿರಾಕಿಗಳ ಎದುರಿಗೇ ಹೊಗಳುತ್ತಿದ್ದರು. ಮಲಗುವುದು, ಉಣ್ಣುವುದು ಮಾತ್ರ ಅಕ್ಕನ ಮನೆಯಲ್ಲಿ.

ಅಕ್ಕ ಹಾಲಮ್ಮ, ಭಾವ ಅಂಜಿನಪ್ಪ. ಭಾವ ಬಟ್ಟೆ ಮಿಲ್ಲಿನಲ್ಲಿ ನೇಯುವ ಖಾತೆಯವನು. ಮನೆ ಮಿಲ್ಲಿನ ಗೋಡೆಗೆ ಎಷ್ಟು ಹತ್ತಿರವೆಂದರೆ ಅಕ್ಕ ಹಂಡೆ ನೀರಿಗೆ ಬೂದಿ ಬಿತ್ತೆಂದು ದಿನಾ ಆ ಹೊಗೆಕೊಳವೆಯನ್ನು ಬೈಯುವಳು. ಆಗಿನ ದಾವಣಗೆರೆಯಲ್ಲಿ ಕೈಗಡಿಯಾರ ಕಟ್ಟಿದವರು ಕಡಿಮೆ. ಊರಿಗೆಲ್ಲ ಮಿಲ್ಲಿನ ಕೂಗೇ ಗಡಿಯಾರ. ಪ್ರತಿ ಪಾಳಿಗೂ ಎರಡು ಕೂಗು. ಮೊದಲನೆಯದು ಎಚ್ಚರಿಕೆ, ಎರಡನೆಯದಕ್ಕೆ ಗೇಟು ಬಂದ್. ಆ ಎರಡು ಕೂಗುಗಳ ನಡುವೆ ಓಣಿಗಳ ತುಂಬ ಗಂಡಸರು ಓಡುತ್ತಿದ್ದರು. ಬಾಯಲ್ಲಿ ರೊಟ್ಟಿ, ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ಅಂಗಿ. ನಮ್ಮ ಭಾವನಂತೂ ಮಲಗಿದಲ್ಲಿಂದಲೇ ಓಡಲು ಶುರುಮಾಡುವ ಗಿರಾಕಿ. ಮೊದಲ ಕೂಗಿಗೆ ಕಣ್ಣು ಬಿಡುವ ಮೊದಲೇ ಕಾಲು ಚಾಪೆ ಬಿಟ್ಟಿರುತ್ತಿತ್ತು.

ಹಿಂದಿನ ವರ್ಷ ಸುಗ್ಗಿಯ ಹೊತ್ತಿನಲ್ಲಿ ಅಂಥ ಭಾವ ಹತ್ತಿ ಅಂಡಿಗೆಗಳ ಹೊರೆ ಹೇರಿದ ಗಾಡಿಯಿಂದ ಜಾರಿಬಿದ್ದು ಬಲಗಾಲು ಮುರಿದುಕೊಂಡ. ಎಲುಬು ಕಟ್ಟುವವರು ಬಿದಿರಿನ ದಬ್ಬೆ ಇಟ್ಟು, ಮೊಟ್ಟೆ ಬಳಿದು, ಬಟ್ಟೆ ಸುತ್ತಿ ತಿಂಗಳುಗಟ್ಟಲೆ ಮಲಗಿಸಿದರು. ಎಲುಬೇನೋ ಕೂಡಿತು. ಅಷ್ಟರಲ್ಲಿ ಅವನ ಮಗ್ಗಗಳಿಗೆ ಬೇರೆಯವನು ಬಂದಿದ್ದ. ಇನ್ನು ಬದಲಿಯಾಗಿ ಹೋಗಬೇಕು. ಬದಲಿಯವರೆಂದರೆ ಪಾಳಿಯ ಹೊತ್ತಿಗೆ ಗೇಟಿನ ಪಕ್ಕ ನಿಲ್ಲುವವರು. ಕಾಯಂ ಆಳು ಯಾರಾದರೂ ಬರದಿದ್ದರೆ ಖಾತೆಯ ಮೇಸ್ತ್ರಿಗಳಾದ ಜಾಬರು ಅವರಲ್ಲಿ ಒಬ್ಬನನ್ನು ಆರಿಸಿ ಒಳಗೆ ಕರೆದುಕೊಳ್ಳುತ್ತಿದ್ದರು. ನೇಯುವ ಖಾತೆಯ ಜಾಬರು ಈರಪ್ಪನವರು. ಮಾತು ಕಡಿಮೆ, ಹುಬ್ಬು ಜಾಸ್ತಿ. ಭಾವ ದಿನಾ ಎಲ್ಲರಿಗಿಂತ ಮುಂಚೆ ಹೋಗಿ ನಿಲ್ಲುತ್ತಿದ್ದ. ಈರಪ್ಪನವರು ಬಂದು, "ನಾಕು ಹೆಜ್ಜೆ ನಡಿ ನೋಡಾನ" ಅನ್ನುತ್ತಿದ್ದರು. ಭಾವ ನಡೆಯುತ್ತಿದ್ದ. ನಡೆದರೆ ಬಲಗಾಲು ಚೂರು ವಾಲುತ್ತಿತ್ತು. "ಮಗ್ಗದ ಮುಂದೆ ಪಾಳಿ ಪೂರ್ತಿ ನಿಂದ್ರೋ ಕಾಲಲ್ಲಪ್ಪ ಇದು. ಇನ್ನಷ್ಟು ದಿನ ಹೋಗ್ಲಿ" ಎಂದು ಪಕ್ಕದವನ ಹೆಗಲು ಮುಟ್ಟುತ್ತಿದ್ದರು. ಇನ್ನಷ್ಟು ದಿನ, ಇನ್ನಷ್ಟು ದಿನ ಎನ್ನುತ್ತ ಬೇಸಿಗೆ ಕಳೆದು ಮಳೆ ಹಿಡಿಯಿತು.

ಮನೆ ನಡೆಸಿದವಳು ಅಕ್ಕ. ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಕಾದ ಮರಳು, ಹೊಗೆ, ಅಕ್ಕಿ ಸಿಡಿಯುವ ಸದ್ದು. ಸಂಜೆ ಬಂದಾಗ ಮುಖ ಕೆಂಪಗೆ ಆಗಿರುತ್ತಿತ್ತು, ಮಡಿಲಲ್ಲಿ ಬಿಸಿ ಮಂಡಕ್ಕಿ ಇರುತ್ತಿತ್ತು. ಭಾವ ಅದನ್ನು ತಿನ್ನುತ್ತಿರಲಿಲ್ಲ. ಹೆಂಡತಿ ದುಡಿದು ತಂದದ್ದನ್ನು ಉಣ್ಣುವ ಸಂಕಟಕ್ಕೆ ಅವನಿಗೆ ಮಂಡಕ್ಕಿಯ ಮೇಲೆ ಸಿಟ್ಟು. ನಾನೇ ಅವನ ಪಾಲನ್ನೂ ತಿಂದು ಮುಗಿಸುತ್ತಿದ್ದೆ, ಅದಕ್ಕೂ ಬೈಸಿಕೊಳ್ಳುತ್ತಿದ್ದೆ.

ಆಷಾಢ ಹಿಡಿಯುತ್ತಿದ್ದಂತೆ ಅವ್ವ ಹೇಳಿಕಳಿಸಿದಳು, ಪಂಚಮಿಗೆ ಮಗಳನ್ನು ಕರೆದುಕೊಂಡು ಬಾ ಎಂದು. ನಮ್ಮ ಕಡೆ ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಕೊಟ್ಟ ಮನೆಯಿಂದ ಹೆಣ್ಣುಮಕ್ಕಳನ್ನು ಕರೆತರಬೇಕು. ಬರದಿದ್ದರೆ ಆ ಹಬ್ಬ ಹಬ್ಬವೇ ಅಲ್ಲ. ಅಕ್ಕನಿಗೆ ಹೇಳಿದೆ. ಅವಳು ಮೊರದಲ್ಲಿ ಅಕ್ಕಿ ಕೇರುವುದನ್ನು ನಿಲ್ಲಿಸಲಿಲ್ಲ.

"ನಾನು ಬರಂಗಿಲ್ಲ ಕೆಂಚ. ಕೆಲ್ಸ ಇಲ್ದ ಗಂಡನ್ನ ಇಲ್ಲಿ ಕುಂದ್ರಿಸಿ ಅಲ್ಲಿ ಜೋಕಾಲಿ ಜೀಕ್ಲಾ? ಊರಾಗೆ ನಮ್ಮ ಓಣಿ ಹೆಂಗಸ್ರು ಬಿಡ್ತಾರಾ? 'ನಿನ್ ಗಂಡ ಈಗ ಯಾವ ಪಾಳಿಗೆ ಹೋಕ್ಕಾನೆ' ಅಂತಾರೆ. ಏನ್ ಹೇಳ್ಲಿ?"

"ಏನೋ ಒಂದು ಹೇಳಿದ್ರಾತು."

"ಅವ್ವನ ಮುಂದೆ ನಿಂತು ಸುಳ್ಳು ಹೇಳಾಕೆ ನನಗೆ ಬರಂಗಿಲ್ಲ. ನೀನು ಹೋಗು, ಉಂಡಿ ತಿಂದು ಬಾ."

ಭಾವ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಎಲ್ಲ ಕೇಳಿಸಿಕೊಂಡಿದ್ದಾನೆಂದು ಅವನ ಬೆನ್ನು ನೋಡಿದರೇ ತಿಳಿಯುತ್ತಿತ್ತು. ಮದುವೆಯಾದಾಗಿನಿಂದ ಅಕ್ಕ ಒಂದು ಪಂಚಮಿಯನ್ನೂ ತಪ್ಪಿಸಿದವಳಲ್ಲ. ಜೋಕಾಲಿಯಲ್ಲಿ ಅವಳಷ್ಟು ಎತ್ತರ ಹೋಗುವವರು ಊರಲ್ಲಿ ಬೇರೊಬ್ಬರಿರಲಿಲ್ಲ.

ಮಾರನೆಯ ದಿನ ಭಾವ ಸೈಕಲ್ ಶಾಪಿಗೆ ಬಂದು ನನ್ನನ್ನು ಪಕ್ಕಕ್ಕೆ ಕರೆದ. "ಗರಡಿಯೋರ ಓಟಕ್ಕೆ ಹೆಸರು ಕೊಟ್ಟು ಬಂದೀನಿ. ದೀಪಕ್ಕೆ ನೀನು ಬರಬೇಕು" ಎಂದ.

ಪಂಚಮಿ ದಿನ ಗಂಡಸರು ಪಂಥ ಕಟ್ಟುವುದು ನಮ್ಮಲ್ಲಿ ಹಳೇ ರೂಢಿ. ನಿಂಬೆಹಣ್ಣು ಇಂತಿಷ್ಟು ದೂರ ಎಸೆಯುವುದು, ಮೂಟೆ ಹೊತ್ತು ಗುಡ್ಡ ಹತ್ತುವುದು, ಹಿಂದಕ್ಕೆ ನಡೆಯುತ್ತ ಪಕ್ಕದೂರು ಮುಟ್ಟುವುದು. ಹಳೇಪೇಟೆಯ ಒಂದು ಗರಡಿಮನೆಯವರು ಅದನ್ನೇ ಬೆಳೆಸಿ ಹರಿಹರದಿಂದ ದಾವಣಗೆರೆಗೆ ಓಟ ಮಾಡಿದ್ದರು. ಹಗಲು ಹಾಲೆರೆಯುವುದು, ಊಟ, ಮಿಲ್ಲು ಎಂದು ಜನಕ್ಕೆ ಪುರಸೊತ್ತಿಲ್ಲದ್ದರಿಂದ ಓಟ ಕತ್ತಲಾದ ಮೇಲೆ. ರಸ್ತೆಯಲ್ಲಿ ಬೆಳಕಿಲ್ಲ, ಎದುರಿಗೆ ಎತ್ತಿನಗಾಡಿಗಳು ಬರುತ್ತವೆ. ಅದಕ್ಕೆ ಓಡುವವನೊಬ್ಬನಿಗೆ ಸೈಕಲ್ಲಿನಲ್ಲಿ ದೀಪದವನೊಬ್ಬ. ಕಟ್ಟುನಿಟ್ಟಿನ ಮಾತೊಂದಿತ್ತು: ದೀಪ ಆರಿದರೆ ಓಡುವವನು ನಿಲ್ಲಬೇಕು, ಮತ್ತೆ ಹಚ್ಚಿಕೊಂಡೇ ಮುಂದೆ ಹೋಗಬೇಕು. ಗೆದ್ದವನ ಕೈಗೆ ಗರಡಿಯ ಮುಂದೆ ಬೆಳ್ಳಿ ಕಡಗ.

"ಕುಂಟೋನು ಓಡ್ತಾನಾ ಭಾವ?" ಎಂದೆ. ಭಾವಮೈದುನರ ನಡುವೆ ಇಂಥ ಮಾತಿಗೆ ದಂಡವಿಲ್ಲ.

"ನಡೆದ್ರೆ ಕುಂಟು. ಓಡಿದ್ರೆ ಇಲ್ಲ. ನೋಡ್ತೀಯ?" ಎಂದವನೇ ಶಾಪಿನಿಂದ ಮೂಲೆಯ ಬೇವಿನಮರದ ತನಕ ಓಡಿ ಬಂದ. ನಿಜಕ್ಕೂ ಇಲ್ಲ! ನಡೆಯುವಾಗ ಒಂದಕ್ಕೊಂದು ಹೊಂದದ ಕಾಲುಗಳು ಓಡುವಾಗ ಜೋಡೆತ್ತಿನಂತೆ ಬರುತ್ತಿದ್ದವು. ಇದೇನು ವಿಚಿತ್ರವೋ ನನಗೆ ಇವತ್ತಿಗೂ ಗೊತ್ತಿಲ್ಲ. "ಮಿಲ್ಲಿನ ಅರ್ಧ ಜನ ಓಡ್ತಾರೆ, ಇನ್ನರ್ಧ ಜನ ನೋಡ್ತಾರೆ. ನಾನು ಕಡಗ ಹಾಕ್ಕಂಡ್ರೆ ಈರಪ್ಪನೋರ ಕಿವಿಗೆ ಬಿದ್ದೇ ಬೀಳ್ತೈತೆ. ಆಮೇಲೆ ನಾಕು ಹೆಜ್ಜೆ ನಡಿ ಅನ್ನಂಗಿಲ್ಲ" ಎಂದ. ಅವನ ಲೆಕ್ಕಾಚಾರ ಅಷ್ಟು ಸರಳ.

ಅಲ್ಲಿಂದ ಪಂಚಮಿಯ ತನಕ ದಿನಾ ಸಂಜೆ ನಾವಿಬ್ಬರೂ ಹರಿಹರದ ರಸ್ತೆಯಲ್ಲಿ. ಭಾವ ಓಡುವುದು, ನಾನು ಪಕ್ಕದಲ್ಲಿ ಸೈಕಲ್ ತುಳಿಯುತ್ತ ಅವನನ್ನು ರೇಗಿಸುವುದು. ಮೊದಲು ದೊಡ್ಡಬಾತಿಯ ತನಕವೂ ಹೋಗಲಾಗದೆ ಕಲ್ಲಿನ ಮೇಲೆ ಕೂತು ಬಿಡುತ್ತಿದ್ದ. ಆಮೇಲಾಮೇಲೆ ಓಟ ಬಾತಿ ಗುಡ್ಡ ದಾಟಿತು. ರಸ್ತೆಯ ಎರಡೂ ಕಡೆ ಎರೆಹೊಲ, ಮಳೆ ಬಿದ್ದು ಕಪ್ಪಗೆ ಮಿರುಗುತ್ತಿತ್ತು. ಜೋಳದ ಪೈರು ಮೊಳಕಾಲೆತ್ತರ. ಗಾಡಿಯವರು ನಿಲ್ಲಿಸಿ, "ಯಾರು ಅಟ್ಟಿಸಿಕೊಂಡು ಬರ್ತಾರಪ್ಪ?" ಎಂದು ಕೇಳುತ್ತಿದ್ದರು. "ನಮ್ಮಕ್ಕ" ಎಂದು ನಾನು ಹೇಳುತ್ತಿದ್ದೆ.

ಅಕ್ಕನಿಗೆ ಗೊತ್ತಾದಾಗ ಮನೆ ಅಲುಗಾಡಿತು. "ಕೂಡಿದ ಎಲುಬು ಮತ್ತೆ ಮುರಕಂಡು ಬಂದ್ರೆ ನಾನು ನೋಡಂಗಿಲ್ಲ, ಈಗ್ಲೇ ಹೇಳೀನಿ. ನಿಮಗೆ ಬುದ್ಧಿ ಇಲ್ಲ ಅಂದ್ರೆ ಇವನಿಗಾದ್ರೂ ಬ್ಯಾಡವಾ?" ಎಂದು ಇಬ್ಬರಿಗೂ ಸಮವಾಗಿ ಹಂಚಿದಳು. ರೊಟ್ಟಿಯನ್ನು ತಟ್ಟೆಗೆ ಎಸೆದಳು. ಆದರೆ ಅವತ್ತು ರಾತ್ರಿ ಎಳ್ಳೆಣ್ಣೆ ಬಿಸಿ ಮಾಡಿ ಭಾವನ ಕಾಲಿನ ಹತ್ತಿರ ಕೂತು ತಿಕ್ಕುತ್ತಿದ್ದುದನ್ನು ನಾನು ಕಂಡೆ. ಬೈಗುಳ ನಿಂತಿರಲಿಲ್ಲ, ಕೈಯೂ ನಿಂತಿರಲಿಲ್ಲ. ಅವತ್ತು ನನಗೆ ಭಾವನ ಮೇಲೆ ಹೊಟ್ಟೆಕಿಚ್ಚಾಯಿತು, ನಾನೂ ಬೇಗ ಮದುವೆಯಾಗಬೇಕು ಅನ್ನಿಸಿತು.

ಪಂಚಮಿ ದಿನ ಬೆಳಗಿನಿಂದಲೇ ಮೋಡ ನೆಲಕ್ಕೆ ಇಳಿದಿತ್ತು. ಅಕ್ಕ ಊರಿಗೆ ಹೋಗಲಿಲ್ಲ. ಒಬ್ಬಳೇ ಹುತ್ತಕ್ಕೆ ಹಾಲೆರೆದು ಬಂದು, ಎಳ್ಳುಂಡಿ ಕಟ್ಟಿ, ನಮ್ಮಿಬ್ಬರ ಮುಂದೆ ಇಟ್ಟು, ತಾನು ಮುಟ್ಟದೆ ಭಟ್ಟಿಗೆ ಹೋದಳು. ಸಾಯಂಕಾಲ ಖಾಸಿಂಸಾಬರು ಅಂಗಡಿಯ ಒಳ್ಳೆಯ ಸೈಕಲ್ಲನ್ನೇ ತೆಗೆದುಕೊಟ್ಟರು. ನನ್ನ ದೀಪವನ್ನು ತಾವೇ ತೊಳೆದು, ಬತ್ತಿ ಕತ್ತರಿಸಿ, ಎಣ್ಣೆ ತುಂಬಿಸಿದರು. "ಅರೆ ಕೆಂಚ, ನಿನ್ ಬಾಯಿ ಬಂದ್ ಇಟ್ಕ, ಈ ದೀಪ ಚಾಲೂ ಇಟ್ಕ. ಉಲ್ಟಾ ಮಾಡಬ್ಯಾಡ" ಎಂದರು. ಕಡ್ಡಿಪೆಟ್ಟಿಗೆಯನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ನನ್ನ ಟೋಪಿಯೊಳಗೆ ಇಟ್ಟರು.

ಹರಿಹರದಲ್ಲಿ ಹೊಳೆ ತುಂಬಿ ಹರಿಯುತ್ತಿತ್ತು. ಕತ್ತಲಲ್ಲಿ ಕಾಣದಿದ್ದರೂ ಅದರ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಗುಡಿಯ ಹತ್ತಿರದ ಬಯಲಿನಲ್ಲಿ ಓಡುವವರು ಚಡ್ಡಿ ಬನಿಯನ್ನಿನಲ್ಲಿ ನಡುಗುತ್ತ ನಿಂತಿದ್ದರು. ದೀಪದವರೆಲ್ಲ ಕಂಬಳಿ ಕೊಪ್ಪೆ ಹೊದ್ದು ಬೆಚ್ಚಗಿದ್ದೆವು. ಬಹುಪಾಲು ಮಿಲ್ಲಿನವರೇ. ನೂಲಿನ ಖಾತೆಯ ಹನುಮಂತ ಹೋದ ಸಲ ಕಡಗ ಗೆದ್ದವನು, ಈ ಸಲವೂ ಅವನೇ ಎಂದು ಎಲ್ಲರ ಮಾತು. ಮಿಲ್ಲಿನ ಹೊರಗಿನವನೆಂದರೆ ಹೋಟೆಲಿನಲ್ಲಿ ಸಪ್ಲೈ ಮಾಡುವ ಮಂಜ ಒಬ್ಬನೇ. ಎರಡೂ ಕೈಲಿ ದೋಸೆ ಪ್ಲೇಟು ಹಿಡಿದು ಓಡಿದ ಅಭ್ಯಾಸ ಅವನದು. ಗರಡಿಯ ಹುಡುಗನೊಬ್ಬ ಜಾಗಟೆ ಬಾರಿಸಿದ. ಅದೇ ಗಳಿಗೆಗೆ ಕಾದು ಕೂತಿದ್ದಂತೆ ಮಳೆ ಧೋ ಎಂದು ಶುರುವಾಯಿತು.

ಎದುರುಗಾಳಿಯ ಮಳೆಯಲ್ಲಿ ಓಡುವವರನ್ನು ಪಕ್ಕದಲ್ಲಿದ್ದು ನೋಡಬೇಕು. ಭಾವ ಬಾಯಿ ತೆರೆದರೆ ನೀರು, ಕಣ್ಣು ತೆರೆದರೆ ನೀರು. ತಲೆ ಬಗ್ಗಿಸಿ, ನನ್ನ ದೀಪದ ಹಳದಿ ವೃತ್ತ ರಸ್ತೆಯಲ್ಲಿ ಎಲ್ಲಿ ಬೀಳುತ್ತದೋ ಅಲ್ಲಿ ಕಾಲಿಟ್ಟು ಓಡುತ್ತಿದ್ದ. ಮುಂದೆ ಹನುಮಂತನ ದೀಪ, ಅದರ ಹಿಂದೆ ಒಂದೆರಡು, ಆಮೇಲೆ ನಾವು. ಅವತ್ತು ನಾನು ರೇಗಿಸುವುದನ್ನು ಬಿಟ್ಟೆ. ಈ ಕಾಲು ಜಾರಿದರೆ ಮತ್ತೆ ಬಿದಿರು ದಬ್ಬೆ, ಮತ್ತೆ ಚಾಪೆ, ಮತ್ತೆ ಅಕ್ಕನ ಕೆಂಪು ಮುಖ. "ನಿಧಾನ ಭಾವ, ಅಲ್ಲಿ ಗುಂಡಿ ಐತೆ. ಎಡಕ್ಕೆ ಬಾ" ಎಂದು ಅಷ್ಟೇ ಹೇಳುತ್ತ ಹೋದೆ.

ದೊಡ್ಡಬಾತಿಯ ಹತ್ತಿರ ಗಾಳಿ ಒಂದು ಸುತ್ತು ಸುತ್ತಿ ಬೀಸಿತು. ದೀಪ ಹೋಯಿತು.

ಭಾವ ನಿಂತ. ನಿಲ್ಲದಿದ್ದರೆ ಯಾರೂ ನೋಡುತ್ತಿರಲಿಲ್ಲ, ಆ ಕತ್ತಲೇ ಹಾಗಿತ್ತು. ಆದರೆ ನಿಂತ. ಒಂದು ಅಂಗಡಿಯ ತಗಡಿನ ಚಪ್ಪರದ ಕೆಳಗೆ ನುಗ್ಗಿ ಟೋಪಿ ತೆಗೆದು ಕಡ್ಡಿ ಗೀರಿದೆ. ಮೊದಲನೆಯದು ಮುರಿಯಿತು, ಎರಡನೆಯದು ಹತ್ತಿ ಆರಿತು. ನಮ್ಮ ಹಿಂದಿನವರೆಲ್ಲ ದೀಪ ಅಲ್ಲಾಡಿಸುತ್ತ ಮುಂದೆ ಹೋದರು. ಚಪ್ಪರದಡಿ ಗಾಡಿ ಬಿಟ್ಟು ಕೂತಿದ್ದ ಮುದುಕನೊಬ್ಬ ತನ್ನ ಕಂಬಳಿಯನ್ನು ನಮ್ಮ ಸುತ್ತ ಗುಡಾರದಂತೆ ಹಿಡಿದು, "ಈಗ ಹಚ್ಚು" ಎಂದ. ಹತ್ತಿತು. ನಾನು ಅಳುವ ಹಾಗಾಗಿದ್ದೆ. "ಹೋತು ಭಾವ, ಎಲ್ಲಾರೂ ಮುಂದೆ ಹೋದ್ರು" ಎಂದೆ. ಭಾವ ನಗುತ್ತಿದ್ದ! "ಕಾಲು ಬೆಚ್ಚಗಾಗೈತಲೇ ಈಗ. ತುಳಿ ನೀನು" ಎಂದ.

ಅಲ್ಲಿಂದ ಅವನು ಓಡಿದ್ದನ್ನು ಮಾತ್ರ ಓಟ ಅನ್ನಬೇಕು. ನನಗೆ ಸೈಕಲ್ಲಿನಲ್ಲಿ ಸಮಕ್ಕೆ ಬರುವುದೇ ಕಷ್ಟವಾಯಿತು. ಒಂದೊಂದೇ ದೀಪ ನಮ್ಮ ಪಕ್ಕಕ್ಕೆ ಬಂತು, ಹಿಂದೆ ಉಳಿಯಿತು. ಒಬ್ಬ ಕೆಸರಿನಲ್ಲಿ ಕೂತಿದ್ದ. ಇನ್ನೊಬ್ಬ ಪಕ್ಕೆ ಹಿಡಿದುಕೊಂಡು ನಡೆಯುತ್ತಿದ್ದ. ಮಂಜನನ್ನು ದಾಟಿದೆವು. ಊರು ಸಮೀಪಿಸಿದಾಗ ಮುಂದೆ ಉಳಿದದ್ದು ಹನುಮಂತನ ದೀಪ ಒಂದೇ, ಅದನ್ನೂ ಹತ್ತಿಯ ಗೋದಾಮುಗಳ ಹತ್ತಿರ ಹಿಂದೆ ಹಾಕಿದೆವು. ಮಳೆಗೆ ಊರಿನ ಕರೆಂಟು ಹೋಗಿ ಎಲ್ಲ ಕಡೆ ಕಗ್ಗತ್ತಲು. ಇನ್ನು ಸ್ವಲ್ಪ ದೂರದಲ್ಲಿ ರಸ್ತೆ ಎರಡಾಗುತ್ತದೆ. ಒಂದು ಹಳೇಪೇಟೆಯ ಗರಡಿಗೆ, ಇನ್ನೊಂದು ಮಿಲ್ಲಿಗೆ. ನನಗೆ ಆಗಲೇ ಭಾವನ ಕೈಯಲ್ಲಿ ಕಡಗ ಕಾಣುತ್ತಿತ್ತು.

ಸರಿಯಾಗಿ ಆಗ ಮೂರನೇ ಪಾಳಿಯ ಮೊದಲ ಕೂಗು ಎದ್ದಿತು. ಅದು ಬಾಯ್ಲರಿನ ಹಬೆಯ ಕೂಗು, ಅದಕ್ಕೂ ಹಬೆಯಿಂದಲೇ ಓಡುವ ಮಗ್ಗಗಳಿಗೂ ಕರೆಂಟಿನ ಹಂಗಿಲ್ಲ. ಬೇರೆ ವರ್ಷಗಳಲ್ಲಿ ಈ ಹೊತ್ತಿಗೆ ಓಟ ಮುಗಿದು ಎಲ್ಲರೂ ಉಂಡಿ ತಿನ್ನುತ್ತಿರುತ್ತಿದ್ದರು. ಈ ಸಲ ಮಳೆಯಿಂದ ತಡವಾಗಿತ್ತು. ಕೂಗು ಕೇಳಿದ್ದೇ ತಡ, ಭಾವನ ತಲೆ ಎದ್ದಿತು, ಕಾಲು ಇನ್ನೂ ಜೋರಾಯಿತು. ಕವಲಿನಲ್ಲಿ ಅವನು ಮಿಲ್ಲಿನ ಕಡೆ ತಿರುಗಿದ. ಭಾವನನ್ನು ಬೈಯುವಂತಿಲ್ಲ. ದೀಪ ಹಿಡಿದ ನಾನೂ ತಿರುಗಿದ್ದೆ! ಎಷ್ಟೋ ಸಲ ನಮ್ಮ ಹಳ್ಳಿಯಿಂದ ಬರುವಾಗ ತಡವಾದ ದಿನ ಅವನನ್ನು ಹಿಂದೆ ಕೂರಿಸಿಕೊಂಡು ಅದೇ ಕೂಗಿಗೆ ಅದೇ ತಿರುವಿನಲ್ಲಿ ಸೈಕಲ್ ಹೊಡೆದವನು ನಾನು. ಹ್ಯಾಂಡಲ್ ತನಗೆ ತಾನೇ ಹೊರಳಿತು. ಹಿಂದೆ ನೋಡಿದರೆ ಹನುಮಂತನೂ ಅವನ ದೀಪದವನೂ ನಮ್ಮ ಬೆನ್ನಿಗೇ ಬರುತ್ತಿದ್ದರು. ಯಾರಿಗೂ ಅನುಮಾನವೇ ಬರಲಿಲ್ಲ.

ಗೇಟಿನಲ್ಲಿ ಗ್ಯಾಸ್‌ಲೈಟು ಹಚ್ಚಿತ್ತು. ಕಾವಲಿನವನು ಅರ್ಧ ಬಾಗಿಲು ಹಿಡಿದು ನಿಂತಿದ್ದ. ಭಾವ ಕೆಸರುಮಯವಾಗಿ ಅವನ ಮುಂದೆ ಹೋಗಿ ನಿಂತ.

"ಯಾವ ಖಾತೆ?"

"ನೇಯೋದ್ರಿ" ಎಂದ ಭಾವ, ಏದುಸಿರಿನಲ್ಲಿ.

ಅಂದಮೇಲೆ ಎಚ್ಚರವಾಯಿತು. ನನ್ನ ಕಡೆ ತಿರುಗಿದ. "ಕೆಂಚ, ಗರಡಿಗೆ ಹೋಗಬೇಕಿತ್ತಲ್ಲಲೇ!" ಎಂದ. ಅಷ್ಟರಲ್ಲಿ ಹನುಮಂತನೂ ಬಂದು ಮುಟ್ಟಿದ. "ನಿಂದು ಮೊದಲನೇ ಪಾಳಿ ಅಲ್ಲೇನಲೇ? ಹಬ್ಬದ ದಿನ ಚಡ್ಡಿ ಮೇಲೆ ಯಾಕ ಬಂದೀಯ?" ಎಂದು ಕಾವಲಿನವನು ಕೇಳಿದ. ಹನುಮಂತ ಗೇಟು ನೋಡಿದ, ನಮ್ಮನ್ನು ನೋಡಿದ, ಹಣೆ ಬಡಿದುಕೊಂಡು ಬಂದ ದಾರಿಯಲ್ಲೇ ವಾಪಸು ಓಡಿದ.

"ಭಾವ, ನಾವೂ ತಿರುಗಾನ ಬಾ. ಅವನ್ನ ಹಿಡೀಬಹುದು" ಎಂದು ನಾನು ಕೈ ಹಿಡಿದು ಎಳೆದೆ.

ಆಗ ಒಳಗಿನಿಂದ ಕೊಡೆ ಹಿಡಿದ ಈರಪ್ಪನವರು ಬಂದರು. ಹಬ್ಬಕ್ಕೆ ಊರಿಗೆ ಹೋದ ಕಾಯಂ ಆಳುಗಳು ಬಂದಿರಲಿಲ್ಲ. ಬದಲಿಯವರೂ ಓಟ ನೋಡಲೆಂದೋ ಮಳೆಗೆ ಹೆದರಿಯೋ ಕಾಣೆಯಾಗಿದ್ದರು. ಮಗ್ಗಗಳು ಸಾಲಾಗಿ ಸುಮ್ಮನೆ ನಿಂತಿದ್ದವು. ಈರಪ್ಪನವರ ಹುಬ್ಬು ಗಂಟು ಹಾಕಿಕೊಂಡಿತ್ತು.

"ಯಾರದು ಓಡಿ ಬಂದೋನು?"

"ನಾನ್ರಿ, ಅಂಜಿನಪ್ಪ."

ಅವರು ಹತ್ತಿರ ಬಂದು ಗ್ಯಾಸ್‌ಲೈಟಿನ ಬೆಳಕಿನಲ್ಲಿ ಅವನ ಕಾಲನ್ನೇ ನೋಡಿದರು. "ಅಲ್ಲಿಂದ ಬರಾದು ನೋಡ್ತಿದ್ದೆ. ಕಾಲು ನೆಟ್ಟಗೈತಲ್ಲಪ್ಪ?"

ಇಂಥ ಹೊತ್ತಿನಲ್ಲೂ ನಮ್ಮ ಭಾವನಿಗೆ ಸುಳ್ಳು ಬರಲಿಲ್ಲ. ಗಂಡಹೆಂಡತಿ ಇಬ್ಬರೂ ಒಂದೇ ತಳಿ. "ಓಡಿದ್ರೆ ನೆಟ್ಟಗೈತ್ರಿ. ನಡೆದ್ರೆ ಸ್ವಲ್ಪ ವಾಲ್ತೈತ್ರಿ" ಎಂದ. ನನಗೆ ಅವನ ಬಾಯಿ ಮುಚ್ಚಬೇಕು ಅನ್ನಿಸಿತು.

ಈರಪ್ಪನವರು ಕೊಡೆಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದರು. "ನನ್ನ ಖಾತೆಯಾಗೆ ನಡಿಯಾಕೆ ಯಾರಿಗೈತೆ ಪುರಸೊತ್ತು? ಈ ಮಗ್ಗದಿಂದ ಆ ಮಗ್ಗಕ್ಕೆ ಓಡಾದೇ ಐತೆ. ಒಳಗೆ ಬಾ."

ಭಾವ ಅಲ್ಲಾಡಲಿಲ್ಲ. ಒಂದು ಸಲ ಹಳೇಪೇಟೆಯ ದಾರಿ ನೋಡಿದ. ಅಲ್ಲಿ ದೂರದಲ್ಲಿ ಹನುಮಂತನ ದೀಪ ಕುಣಿಯುತ್ತ ಹೋಗುತ್ತಿತ್ತು, ಹಿಡಿಯಬಹುದಾದಷ್ಟೇ ದೂರ. ಅದೇ ಹೊತ್ತಿಗೆ ಎರಡನೇ ಕೂಗು ಶುರುವಾಯಿತು. ಕಾವಲಿನವನು ಬಾಗಿಲು ಎಳೆಯತೊಡಗಿದ. ಭಾವ ನನ್ನ ಹೆಗಲಿನಿಂದ ಕಂಬಳಿ ಕಿತ್ತುಕೊಂಡು, ಕಾಲು ಒರೆಸಿಕೊಂಡು, ಆ ಸಂದಿಯಲ್ಲಿ ಓಡಿ ಒಳಗೆ ಹೋದ. ನಡೆಯಲಿಲ್ಲ.

ಕಡಗ ಮಂಜನಿಗೆ ಹೋಯಿತು. ಹನುಮಂತ ಗರಡಿ ಮುಟ್ಟುವಷ್ಟರಲ್ಲಿ ಮಂಜನ ಕೊರಳಿಗೆ ಹಾರ ಬಿದ್ದಿತ್ತು. ಎಷ್ಟೆಂದರೂ ಅವನಿಗೆ ಮಿಲ್ಲಿನ ಕೂಗೆಂದರೆ ಮಳೆಯೊಳಗಿನ ಇನ್ನೊಂದು ಸದ್ದು ಅಷ್ಟೇ. ನಾನು ಹೋಗಿ ನಡೆದದ್ದನ್ನು ಹೇಳಿದಾಗ ಗರಡಿಯ ಉಸ್ತಾದರು, "ಮುಂದಿನ ವರ್ಷದಿಂದ ಮಿಲ್ಲಿನ ಗೇಟಿನಾಗೇ ಕಡಗ ಇಡಾನ ಬಿಡ್ರಿ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಖಾಸಿಂಸಾಬರು ಮಾತ್ರ ನಗಲಿಲ್ಲ. ನನ್ನ ಎರಡೂ ತೋಳು ಹಿಡಿದು, "ಒಳಗೆ ಬಿಟ್ರಾ? ಸಚ್ ಹೇಳು, ಬಿಟ್ರು ತಾನೆ?" ಎಂದು ಕೇಳಿದರು. ಬಿಟ್ಟರು ಎಂದೆ. ಮತ್ತೊಂದು ಸಲ ಹೇಳಿಸಿದರು.

ಮನೆಗೆ ಹೋದೆ. ಅಕ್ಕ ಬಾಗಿಲಲ್ಲೇ ಚಿಮಣಿ ಹಿಡಿದು ನಿಂತಿದ್ದಳು. ನನ್ನೊಬ್ಬನನ್ನೇ ನೋಡಿ, "ಬಿದ್ರಾ?" ಎಂದಳು. ಆ ಒಂದು ಮಾತಿನಲ್ಲಿ ಆ ವರ್ಷದ ಭಯವೆಲ್ಲ ಇತ್ತು.

"ಇಲ್ಲಕ್ಕ. ಭಾವ ಮಿಲ್ಲಿನಾಗೆ ಐದಾನೆ. ಮೂರನೇ ಪಾಳಿ. ಈರಪ್ಪನೋರೇ ಕರ್ಕಂಡ್ರು."

ಅವಳು ಹೊಸಿಲ ಮೇಲೆ ಕೂತುಬಿಟ್ಟಳು. ನಾನು ತಮಾಷೆ ಮಾಡುತ್ತಿದ್ದೇನೆಯೇ ಎಂದು ನನ್ನ ಮುಖವನ್ನು ಚಿಮಣಿಯ ಬೆಳಕಲ್ಲಿ ನೋಡಿದಳು. ಆಮೇಲೆ ದಡಕ್ಕನೆ ಎದ್ದು, "ಅಯ್ಯೋ, ಉಂಡಿಲ್ಲಲ್ಲೋ ಅವ್ರು!" ಎಂದು ಒಲೆ ಹೊತ್ತಿಸಲು ಓಡಿದಳು. ಹಸಿ ಕಟ್ಟಿಗೆ ಹೊಗೆಯಾಡಿತು. ಊದುತ್ತ ಊದುತ್ತ ಕಣ್ಣು ಒರೆಸಿಕೊಂಡಳು, ಹೊಗೆಗೆ ಎಂದಳು. ರೊಟ್ಟಿ, ಪುಂಡಿಪಲ್ಯ, ಎಳ್ಳುಂಡಿ ಕಟ್ಟಿಕೊಟ್ಟಳು. ಗೇಟಿನವನ ಕೈಯಲ್ಲಿ ಬುತ್ತಿ ಒಳಗೆ ಕಳಿಸಿ ಬಂದೆ. ಗೋಡೆಯಾಚೆ ಮಗ್ಗಗಳು ಓಡುವ ಸದ್ದು ನೆಲದಿಂದ ಕಾಲಿಗೆ ಹತ್ತುತ್ತಿತ್ತು.

ಬೆಳಿಗ್ಗೆ ಭಾವ ಬಂದ. ಕೂದಲಲ್ಲಿ, ಹುಬ್ಬಿನಲ್ಲಿ ಹತ್ತಿಯ ಧೂಳು. ವಾಲುತ್ತ ಬಂದು ಕಟ್ಟೆಯ ಮೇಲೆ ಕೂತು, ಮಂಡಕ್ಕಿ ಐತಾ ಎಂದು ಕೇಳಿದ. ಎಷ್ಟೋ ತಿಂಗಳ ಮೇಲೆ ಅವನ ಬಾಯಿಂದ ಆ ಮಾತು. ಅಕ್ಕ ಬೋಗುಣಿ ತುಂಬ ತಂದಿಟ್ಟಳು. ತಿನ್ನುತ್ತ ತಿನ್ನುತ್ತ ಹೇಳಿದ: "ಇವತ್ತೂ ಬಾ ಅಂದಾರೆ. ಹಬ್ಬ ಮುಗಿಯಾತನ ಜನ ಬರಂಗಿಲ್ಲಂತೆ, ಆಮೇಲೂ ನೋಡಾನ ಅಂದ್ರು." ಆಮೇಲೆ ನನ್ನ ಕಡೆ ತಿರುಗಿ, "ಏನ್ ನೋಡ್ತೀಯಲೇ? ನಿಮ್ಮಕ್ಕನ್ನ ಕರ್ಕಂಡು ಹೋಗು. ಜೋಕಾಲಿ ಇನ್ನೂ ಬಿಚ್ಚಿರಂಗಿಲ್ಲ" ಎಂದ. ಆ "ನೋಡಾನ" ದೀಪಾವಳಿಯ ಹೊತ್ತಿಗೆ ಕಾಯಂ ಆಯಿತು. ಆದರೆ ಅವತ್ತು ಅದು ನಮಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅದೇ ಸೈಕಲ್ಲಿನ ಹಿಂದೆ ಅಕ್ಕನನ್ನು ಕೂರಿಸಿಕೊಂಡು ಹೊರಟೆ. ಮಳೆ ಹಿಂಜರಿದು ಎಳೆಬಿಸಿಲು ಬಿದ್ದಿತ್ತು. ರಾತ್ರಿ ಓಡಿದ ರಸ್ತೆ ಹಗಲಲ್ಲಿ ಬೇರೆಯೇ ಆಗಿ ಕಂಡಿತು. ದೊಡ್ಡಬಾತಿಯಲ್ಲಿ ಅಂಗಡಿಯ ಚಪ್ಪರ ತೋರಿಸಿ ದೀಪ ಆರಿದ ಕಥೆ ಹೇಳಿದೆ. ಅಕ್ಕ ಉದ್ದಕ್ಕೂ ಬೈದಳು, ಸೈಕಲ್ ಕುಲುಕಿದ್ದಕ್ಕೆ, ನಾನು ಹಾಡಿದ್ದಕ್ಕೆ, ಸೀರೆಗೆ ಕೆಸರು ಹಾರಿದ್ದಕ್ಕೆ. ಅಷ್ಟು ಸಂತೋಷದ ಬೈಗುಳವನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ.

ಕಡರನಾಯಕನಹಳ್ಳಿಯ ನಮ್ಮ ಓಣಿಯ ಬೇವಿನಮರದಲ್ಲಿ ಜೋಕಾಲಿ ಇತ್ತು. ಹೆಂಗಸರೆಲ್ಲ ಸುತ್ತ ನಿಂತಿದ್ದರು. ಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರ್ರನೆ ತಿರುಗಿಸುತ್ತಿದ್ದರು. ಅವ್ವ ಒಳಗಿನಿಂದ ಓಡಿ ಬಂದು ಅಕ್ಕನ ಗಲ್ಲ ಹಿಡಿದು, ಮೊದಲು ಮುದ್ದಿಸಿ, ಆಮೇಲೆ ಸಿಟ್ಟು ಮಾಡಿದಳು. "ಹಬ್ಬ ಮುಗಿದ ಮ್ಯಾಲೆ ಬರ್ತಾರೇನೆ? ಯಾಕ ಇಷ್ಟು ತಡ?"

ಅಕ್ಕ ಸೈಕಲ್ಲಿನಿಂದ ಇಳಿದು ಸೆರಗು ಸರಿಮಾಡಿಕೊಂಡಳು. ಅವ್ವ ಎದುರಿಗೇ ಇದ್ದರೂ ಜೋಕಾಲಿಯ ತನಕ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

"ಏನ್ ಮಾಡ್ಲವ್ವ, ನಿನ್ನಳಿಯಂದು ಮೂರನೇ ಪಾಳಿ. ಬೆಳಗಾಗ ಬಂದ್ರು. ಉಂಡು ಮಲಗಿದ ಮ್ಯಾಲೆ ಹೊರಟೆ."